ಪಿ.ಬಿ.ಎಸ್., ಎಸ್.ಪಿ.ಬಿ. ಮತ್ತು ಸರಿಯಾದ ಒಂದು ಕಾಟಾ: ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ನಮ್ಮ ಹಳೆಯ ಹಾಡುಗಳ ಕೂಟದಲ್ಲಿ ಗಾಯಕ ಪಿ.ಬಿ. ಶ್ರೀನಿವಾಸ್ ಅವರ ಹಾಡು ಮುಗಿದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡು ಆರಂಭವಾದಾಗ ಒಬ್ಬರೂ ಎದ್ದು ಹೋಗಲಿಲ್ಲ. ಹೊರಗಿನವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಕಲಬುರಗಿಯಲ್ಲಿ ಈ ಇಬ್ಬರ ಹೆಸರನ್ನು ಒಂದೇ ಸಂಜೆಯಲ್ಲಿ ಎತ್ತಿದರೆ ಏನಾಗುತ್ತದೆಂದು ಬಲ್ಲ ಆರ್ಕೆಸ್ಟ್ರಾದವರು, ಸೌಂಡ್‌ನವರು, ಹಳೆಯ ಹಾಡುಗಳ ಕೂಟ ನಡೆಸುವವರು ಇದರ ಬೆಲೆಯನ್ನು ಬಲ್ಲರು. ಇದನ್ನು ಬರೆಯುತ್ತಿರುವುದೂ ಅವರಿಗಾಗಿಯೇ ಆದ್ದರಿಂದ ಕ್ಯಾಸೆಟ್ ನುಡಿಸುವ ಟೇಪ್ ಡೆಕ್ಕನ್ನು ಕಂಪ್ಯೂಟರಿಗೆ ಹೇಗೆ ಜೋಡಿಸಬೇಕು, ಹಾಡಿನ ತುಣುಕನ್ನು ಹೇಗೆ ಕತ್ತರಿಸಬೇಕು ಎಂಬುದನ್ನೆಲ್ಲ ವಿವರಿಸುವುದಿಲ್ಲ.

ಸೂಪರ್ ಮಾರ್ಕೆಟ್ ಹತ್ತಿರ ಸುಮಾರು ಹದಿನೆಂಟು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು ನಾನು. ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಚೀಟಿ ಹಿಡಿದು ಬರುತ್ತಿದ್ದ ಗಿರಾಕಿಗಳಲ್ಲಿ ಎರಡು ಪಂಗಡಗಳಿದ್ದವು. ಹಿರಿಯರ ಚೀಟಿಯ ತುಂಬ ಪಿ.ಬಿ.ಎಸ್., ಕಾಲೇಜು ಹುಡುಗರ ಚೀಟಿಯ ತುಂಬ ಎಸ್.ಪಿ.ಬಿ. ಇಬ್ಬರನ್ನೂ ಬರೆಸಿದ ಚೀಟಿ ವರ್ಷಕ್ಕೆ ಹತ್ತು ಬಂದಿದ್ದರೆ ಹೆಚ್ಚು. 2020ರ ಸೆಪ್ಟೆಂಬರ್ 25ರಂದು ಎಸ್.ಪಿ.ಬಿ. ತೀರಿಕೊಂಡ ಮೇಲೆ, ಮರುವರ್ಷ ನಮ್ಮ ಗೆಳೆಯರೇ ಏರ್ಪಡಿಸಿದ ಒಂದು ಸಣ್ಣ ನುಡಿನಮನದಲ್ಲಿ ಯಾರೋ ಒಬ್ಬರು "ಪಿ.ಬಿ.ಎಸ್. ಮುಂದ ಇವರೇನ್ರೀ" ಎಂದುಬಿಟ್ಟರು, ಕುರ್ಚಿ ಎತ್ತುವುದೊಂದು ಬಾಕಿ ಉಳಿದಿತ್ತು. ಇಬ್ಬರನ್ನೂ ನ್ಯಾಯವಾಗಿ ಅಕ್ಕಪಕ್ಕ ಇಟ್ಟು ಕೇಳಿಸುವ ದಾರಿಯೊಂದನ್ನು ಹುಡುಕಬೇಕೆಂದು ಹೊರಟದ್ದು ಆ ದಿನ. ಆರ್ಕೆಸ್ಟ್ರಾ ನಡೆಸುವ ಗೆಳೆಯರೊಬ್ಬರು ಕೇಳಿದ ಮಾತು ಈಗಲೂ ನೆನಪಿದೆ: "ಯಾಕ್ರೀ ಸುಮ್ನ ರೊಕ್ಕ ಹಾಳ ಮಾಡ್ಕೋತೀರಿ, ಮಂದಿ ಜಗಳಾಡ್ಲಿಕ್ಕೆ ಪೆಂಡಾಲ್ ಬ್ಯಾರೆ ಬೇಕೇನ್ರೀ?"

ಮೊದಲ ಪ್ರಯತ್ನವನ್ನು ನೆನೆದರೆ ನನಗೇ ನಗು ಬರುತ್ತದೆ. ಗಾಯಕರ ಹೆಸರು ಹೇಳದೆ ತುಣುಕುಗಳನ್ನು ಹಾಕಿ, ಅಂಕ ಕೊಡಿ ಎಂದು ಕೇಳಿದೆ. ಐವತ್ತು ವರ್ಷ ಕೇಳಿದ ದನಿಗೆ ಮುಸುಕು ಹಾಕಲು ಸಾಧ್ಯವೇ? ಮೊದಲ ಅಕ್ಷರ ಬೀಳುವ ಮುಂಚೆ, ಉಸಿರು ಎಳೆದ ಸದ್ದಿಗೇ ಗುರುತು ಹಿಡಿದು, ತಮ್ಮವರಿಗೆ ಹತ್ತಕ್ಕೆ ಹತ್ತು, ಇನ್ನೊಬ್ಬರಿಗೆ ಎರಡು ಬರೆದುಕೊಟ್ಟರು.

ಎರಡನೆಯ ಪ್ರಯತ್ನ ನಗುವಂಥದ್ದಲ್ಲ, ಅದು ಜೇಬಿಗೆ ಹೊಡೆತ ಕೊಟ್ಟಿತು. ಪಿ.ಬಿ.ಎಸ್. ಹಾಡುಗಳಿಗೆ ಹೆಸರಾದ ಒಬ್ಬರನ್ನೂ ಎಸ್.ಪಿ.ಬಿ. ಹಾಡುಗಳಿಗೆ ಹೆಸರಾದ ಇನ್ನೊಬ್ಬರನ್ನೂ ಕರೆಸಿ, ಒಂದೇ ವಾದ್ಯವೃಂದದ ಜೊತೆ, ಒಂದೇ ಮೈಕಿನ ಮುಂದೆ ಹಾಡಿಸಿದರೆ ಹೋಲಿಕೆ ಸಲೀಸಾಗುತ್ತದೆ ಎಂದುಕೊಂಡಿದ್ದೆ. ಸಭಾಂಗಣದ ಬಾಡಿಗೆ, ವಾದ್ಯದವರ ಸಂಭಾವನೆ, ಗಾಯಕರ ಬಸ್ಸು ಮತ್ತು ವಸತಿ, ಜನರೇಟರಿನ ಡೀಸೆಲ್ ಎಲ್ಲ ಸೇರಿ ಐವತ್ತೆರಡು ಸಾವಿರದಷ್ಟಾಯಿತು. ಟಿಕೆಟಿನಿಂದ ಬಂದದ್ದು ಹದಿನಾಲ್ಕು ಸಾವಿರ. ಮೂವತ್ತೆಂಟು ಸಾವಿರ ಕಳೆದುಕೊಂಡು ನಾನು ಕಲಿತದ್ದು ಇಷ್ಟೇ: ಅನುಕರಣೆ ಮಾಡುವವರು ಮೂಲ ಗಾಯಕರ ಎದ್ದು ಕಾಣುವ ಗುಣವನ್ನು ಮಾತ್ರ ಹಿಡಿದು ಅದನ್ನೇ ಎರಡು ಪಟ್ಟು ಮಾಡುತ್ತಾರೆ. ಅಂದು ಕೇಳಿಸಿದ ಪಿ.ಬಿ.ಎಸ್. ಮೂಗಿನಲ್ಲಿ ಹಾಡುವ ಪಿ.ಬಿ.ಎಸ್.; ಕೇಳಿಸಿದ ಎಸ್.ಪಿ.ಬಿ. ಸಾಲಿಗೊಮ್ಮೆ ನಗುವ ಎಸ್.ಪಿ.ಬಿ. ಆ ಇಬ್ಬರನ್ನು ಹೋಲಿಸಿ ಯಾರಿಗೆ ಏನಾಗಬೇಕು?

ಸುಮಾರು ಎಂಟು ತಿಂಗಳು ಸುಮ್ಮನಿದ್ದೆ. ಆಗ ಹೊಳೆದದ್ದೇನೆಂದರೆ, ನಮ್ಮ ಜನ ಜಗಳವಾಡುತ್ತಿದ್ದುದು ಗಾಯಕರಿಗಾಗಿ ಅಲ್ಲವೇ ಅಲ್ಲ. ಪಿ.ಬಿ.ಎಸ್. ಎಂದರೆ ಅವರ ಕಣ್ಣ ಮುಂದೆ ಬರುತ್ತಿದ್ದವರು ರಾಜಕುಮಾರ್, ಎಸ್.ಪಿ.ಬಿ. ಎಂದರೆ ವಿಷ್ಣುವರ್ಧನ್, ಶಂಕರ್‌ನಾಗ್. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು, ಪಿ.ಬಿ.ಎಸ್. ಅವರ ಕನ್ನಡದ ಹಾಡುಗಳು ಇಳಿಮುಖವಾದವು, ಎಸ್.ಪಿ.ಬಿ. ಅವರ ತುಂಬು ಹರೆಯದ ಫಸಲು ಬಂದದ್ದು ಆಮೇಲೆ. ಹೀಗಾಗಿ ಒಬ್ಬರ ಅರವತ್ತರ ದಶಕದ ಹಾಡಿನ ಎದುರು ಇನ್ನೊಬ್ಬರ ಎಂಬತ್ತರ ದಶಕದ ಹಾಡನ್ನು ಇಟ್ಟಾಗ ಸಂಗೀತ ನಿರ್ದೇಶಕ ಬೇರೆ, ವಾದ್ಯಗಳು ಬೇರೆ, ಮುದ್ರಣದ ಯಂತ್ರ ಬೇರೆ, ತೆರೆಯ ಮೇಲಿನ ಮುಖವೂ ಬೇರೆ. ನಮ್ಮ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಹಸಿ ತೊಗರಿಯನ್ನೂ ಒಣ ತೊಗರಿಯನ್ನೂ ಒಂದೇ ಕಾಟಾದ (ತೂಕದ ತಕ್ಕಡಿಯ) ಮೇಲಿಟ್ಟು ಯಾವುದು ಭಾರ ಎಂದು ಕೇಳಿದರೆ ಹಮಾಲರೂ ನಗುತ್ತಾರೆ. ನಾವು ಮೂವತ್ತು ವರ್ಷ ಅದನ್ನೇ ಮಾಡಿದ್ದೆವು.

ಹಾಗಾದರೆ ಇಬ್ಬರೂ ಒಂದೇ ಕಾಟಾದ ಮೇಲೆ ನಿಂತ ಜಾಗ ಯಾವುದು? ಅದು ನನ್ನ ಕಪಾಟಿನಲ್ಲೇ ಇತ್ತು. 1972ರ 'ನಾಗರಹಾವು'. ಪುಟ್ಟಣ್ಣ ಕಣಗಾಲ್ ಅವರ ಚಿತ್ರ, ವಿಜಯಭಾಸ್ಕರ್ ಅವರ ಸಂಗೀತ, ನಾಯಕನಾಗಿ ಹೊಸಬರಾದ ವಿಷ್ಣುವರ್ಧನ್. 'ಬಾರೆ ಬಾರೆ' ಹಾಡಿದವರು ಪಿ.ಬಿ.ಎಸ್., 'ಹಾವಿನ ದ್ವೇಷ' ಹಾಡಿದವರು ಎಸ್.ಪಿ.ಬಿ. ಮುಖ ಒಂದು, ದನಿ ಎರಡು. 1930ರಲ್ಲಿ ಹುಟ್ಟಿದ ಪಿ.ಬಿ.ಎಸ್. ಅವರಿಗೆ ಆಗ ನಲವತ್ತೆರಡರ ಆಸುಪಾಸು, 1952ರ ಹಿಂದಿ ಚಿತ್ರ 'ಮಿಸ್ಟರ್ ಸಂಪತ್'ನಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷದ ಅನುಭವ. 1946ರಲ್ಲಿ ಹುಟ್ಟಿದ ಎಸ್.ಪಿ.ಬಿ. ಅವರಿಗೆ ಇಪ್ಪತ್ತಾರು, 1966ರ ಡಿಸೆಂಬರಿನಲ್ಲಿ ತೆಲುಗಿನ ಮೊದಲ ಹಾಡು ಮುದ್ರಣವಾದ ಕೆಲವೇ ದಿನಗಳಲ್ಲಿ ಎಂ. ರಂಗರಾವ್ ಅವರ ಸಂಗೀತದಲ್ಲಿ 'ನಕ್ಕರೆ ಅದೇ ಸ್ವರ್ಗ' ಚಿತ್ರಕ್ಕಾಗಿ ಕನ್ನಡಕ್ಕೆ ಬಂದವರು ಅವರು. ತಲೆಮಾರಿನ ಅಂತರವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮವಾಗಿರುವ ಇಂಥ ಜೋಡಿ ಎಲ್ಲಿ ಸಿಗುತ್ತದೆ!

ಒಂದು ತೊಡಕು ಉಳಿದಿತ್ತು. ಒಂದು ಒಲವಿನ ಹಾಡು, ಇನ್ನೊಂದು ರೋಷದ ಹಾಡು. ಒಬ್ಬರನ್ನು ಮೆತ್ತಗಿನವರು, ಇನ್ನೊಬ್ಬರನ್ನು ಬಿರುಸಿನವರು ಎಂದು ತೀರ್ಪು ಕೊಡಲು ಜನ ಕಾಯುತ್ತಿರುತ್ತಾರೆ. ಅದಕ್ಕಾಗಿ 1975ರ 'ಶುಭಮಂಗಳ'ದಿಂದ ಎಸ್.ಪಿ.ಬಿ. ಅವರ 'ಸ್ನೇಹದ ಕಡಲಲ್ಲಿ' ಹಾಡನ್ನು ಮೂರನೆಯದಾಗಿ ಸೇರಿಸಿದೆ. ಅಲ್ಲಿಯೂ ಪುಟ್ಟಣ್ಣ, ಅಲ್ಲಿಯೂ ವಿಜಯಭಾಸ್ಕರ್. ನಾಯಕ ಮಾತ್ರ ಶ್ರೀನಾಥ್. ಪೂರ್ತಿ ಸಮವಲ್ಲ, ಆದರೆ ಇದಕ್ಕಿಂತ ಹತ್ತಿರದ್ದು ನನಗೆ ದೊರೆಯಲಿಲ್ಲ.

ಈಗ ಡೆಕ್ಕಿನ ಕಥೆ. ಸಮಯವೂ ದುಡ್ಡೂ ಹೆಚ್ಚು ತಿಂದದ್ದು ಇದೇ. ನನ್ನ ಹಳೆಯ ಡೆಕ್ಕಿನಲ್ಲಿ 'ಬಾರೆ ಬಾರೆ' ಹಾಕಿದಾಗ ಪಿ.ಬಿ.ಎಸ್. ದನಿ ಯಾಕೋ ತೆಳ್ಳಗೆ, ಅವಸರದಲ್ಲಿದ್ದಂತೆ ಕೇಳುತ್ತಿತ್ತು. ಹಾರ್ಮೋನಿಯಂ ಹಿಡಿದು ನೋಡಿದರೆ ಹಾಡಿನ ಷಡ್ಜ (ಆಧಾರ ಸ್ವರ) ಎರಡು ಮನೆಗಳ, ಅಂದರೆ ಕೀಲಿಗಳ, ನಡುವೆ ಎಲ್ಲೋ ಬೀಳುತ್ತಿತ್ತು. ಮೋಟಾರು ವೇಗವಾಗಿ ಓಡುತ್ತಿತ್ತು. ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಮೇಲೆ ಹೋಗಿತ್ತು. ಹದಿನೆಂಟು ವರ್ಷ ಇದೇ ಡೆಕ್ಕಿನಿಂದ ಊರಿಗೆಲ್ಲ ಹಾಡು ತುಂಬಿಕೊಟ್ಟಿದ್ದೆ ಎಂಬುದನ್ನು ನೆನೆದು ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೋಟಾರಿನ ಹಿಂದಿನ ಸಣ್ಣ ತೂತಿನೊಳಗಿನ ಸ್ಕ್ರೂ ತಿರುಗಿಸಿ ವೇಗ ಇಳಿಸಿದೆ, ಬೆಲ್ಟ್ ಬದಲಿಸಿದೆ, ಅದಕ್ಕೂ ಸರಿಹೋಗದೆ ಕೊನೆಗೆ ಹೈದರಾಬಾದಿನಿಂದ ಇನ್ನೊಂದು ಹಳೆಯ ಡೆಕ್ಕನ್ನು ಆರು ಸಾವಿರದ ಐದುನೂರಕ್ಕೆ ತಂದೆ. ವೇಗ ಸರಿಯಾಯಿತೇ ಎಂದು ನೋಡಲು ಅದೇ ಹಾಡಿನ ಗ್ರಾಮಫೋನ್ ತಟ್ಟೆ ಇದ್ದರೆ ಒಳ್ಳೆಯದು. ನನಗೆ ಗೆಳೆಯರೊಬ್ಬರ ಅಟ್ಟದಿಂದ ಸಿಕ್ಕಿತು, ಗೀರುಗಳ ಸಮೇತ.

ಟೇಪಿನಿಂದ ಸದ್ದನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂ ಇದಕ್ಕಿಂತ ಮುಖ್ಯ. ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ಮೇಲಿನ ಸದ್ದು ಹೋಗಿಬಿಡುತ್ತದೆ. ಸ, ಶ, ಷ ಮೂರೂ ಒಂದೇ ಆಗುತ್ತವೆ. ಉಚ್ಚಾರಣೆಯನ್ನು ಹೋಲಿಸಲು ಕುಳಿತವರಿಗೆ ಇದು ಕುರುಡನ ಕೈಯಲ್ಲಿ ಕನ್ನಡಿ ಕೊಟ್ಟಂತೆ. ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆಯಾಗಿ ತಿರುಗಿಸಬೇಕು, ಒಮ್ಮೆ ಸರಿಮಾಡಿ ಬಿಟ್ಟರೆ ಸಾಲದು. ಪಿ.ಬಿ.ಎಸ್. ಅವರದು ಮಸುಕು ದನಿ ಎನ್ನುವ ಹುಡುಗರಿಗೆ ಸ್ಕ್ರೂ ತಿರುಗಿಸುವ ಮೊದಲೊಮ್ಮೆ, ಅನಂತರ ಒಮ್ಮೆ ಕೇಳಿಸಿದೆ. ಅರ್ಧಕ್ಕರ್ಧ ಹುಡುಗರ ವಾದ ಅಲ್ಲಿಯೇ ಮುಗಿಯಿತು.

ಇನ್ನು ಸದ್ದಿನ ಮಟ್ಟ. ಯಾವ ತುಣುಕು ಸ್ವಲ್ಪ ಜೋರಾಗಿರುತ್ತದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ, ಕೇಳುವವರು ಎಷ್ಟೇ ಬಲ್ಲವರಾಗಿರಲಿ. ಮೀಟರಿನಲ್ಲಿ ಸಮ ಮಾಡಿದರೆ ಸಾಲದು, ವಾದ್ಯಗಳ ಸದ್ದು ಮೀಟರನ್ನು ಮೋಸಗೊಳಿಸುತ್ತದೆ. ದನಿಯೊಂದೇ ಇರುವ ಜಾಗ ಹುಡುಕಿ ಅಲ್ಲಿ ಸಮ ಮಾಡಬೇಕು. ತುಣುಕುಗಳನ್ನು ಯಾವ ಅನುಕ್ರಮದಲ್ಲಿ ಹಾಕುತ್ತೇನೆ, ಎಲ್ಲಕ್ಕಿಂತ ಮೊದಲು ಕಿವಿ ತೊಳೆಯಲು ಏನು ಕೇಳಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂವತ್ತೆಂಟು ಸಾವಿರ ಕಳೆದುಕೊಂಡವನಿಗೆ ಅಷ್ಟು ಹಕ್ಕು ಇರಲಿ.

ಅಂಕ ಕೊಡಿಸುವುದನ್ನು ಬಿಟ್ಟೆ. ಚೀಟಿಯಲ್ಲಿ ಮೂರು ಪ್ರಶ್ನೆಗಳು. ಗಾಯಕ ಉಸಿರು ಎಲ್ಲಿ ತೆಗೆದುಕೊಂಡರು? ಸಾಲಿನ ಕೊನೆಯ ಅಕ್ಷರವನ್ನು ಹೇಗೆ ಬಿಟ್ಟರು? ಮೂರನೆಯದನ್ನು ಕೂಟಕ್ಕೆ ಬಂದವರಿಗಷ್ಟೇ ಕೇಳುತ್ತೇನೆ. ಯಾರು ದೊಡ್ಡವರು ಎಂಬ ಪ್ರಶ್ನೆ ಇಲ್ಲದಿರುವುದರಿಂದ, ಉಸಿರಿನ ಜಾಗ ಹುಡುಕುವ ಗಡಿಬಿಡಿಯಲ್ಲಿ ತಾವು ಯಾವ ಪಂಗಡದವರು ಎಂಬುದನ್ನೇ ಜನ ಮರೆಯುತ್ತಾರೆ. ಮೊದಲ ಸಲ ಇಪ್ಪತ್ಮೂರು ಚೀಟಿಗಳು ಬಂದವು. ಹದಿನೇಳು ಹದಿನೆಂಟರಲ್ಲಿ ಬೇರೆ ಬೇರೆ ಮಾತುಗಳಲ್ಲಿ ಒಂದೇ ವಿಷಯವಿತ್ತು. ಪಿ.ಬಿ.ಎಸ್. ಸಾಲನ್ನು ಮುಗಿಸುವಾಗ ದನಿಯನ್ನು ಕೆಳಗಿಟ್ಟು ಕೈ ತೆಗೆಯುತ್ತಾರೆ, ಕೊನೆಯ ಅಕ್ಷರ ತಾನಾಗಿ ಆರುತ್ತದೆ. ಎಸ್.ಪಿ.ಬಿ. ಕೊನೆಯ ಅಕ್ಷರದಲ್ಲಿಯೂ ನಟಿಸುತ್ತಿರುತ್ತಾರೆ. ಅಲ್ಲಿ ಒಂದು ನಗುವೋ ನಿಟ್ಟುಸಿರೋ ಉಳಿದಿರುತ್ತದೆ. ರೋಷದ ಹಾಡಿನಲ್ಲಷ್ಟೇ ಅಲ್ಲ, ಮೆತ್ತಗಿನ 'ಸ್ನೇಹದ ಕಡಲಲ್ಲಿ'ಯಲ್ಲಿಯೂ ಹೀಗೆಯೇ. ಹಾಗಿದ್ದ ಮೇಲೆ ಇದು ಹಾಡಿನ ಗುಣವಲ್ಲ, ಹಾಡುವವರ ಗುಣ. ನನ್ನ ಲೆಕ್ಕದಲ್ಲಿ ಇಡೀ ಮೂರು ವರ್ಷದ ಗಳಿಕೆ ಈ ಒಂದು ಸಂಗತಿ.

ಅಂದಿನ ಅತ್ಯುತ್ತಮ ಚೀಟಿ ಬರೆಸಿದವರು ದರ್ಗಾದ ಕಡೆಯಿಂದ ಬಂದ, ಖವ್ವಾಲಿಗೆ ಹಾರ್ಮೋನಿಯಂ ನುಡಿಸುವ ಒಬ್ಬ ಹಿರಿಯರು. ಕನ್ನಡ ಚಿತ್ರಗಳನ್ನು ಅವರು ಹೆಚ್ಚು ನೋಡಿದವರಲ್ಲ, ಕನ್ನಡ ಬರೆಯಲೂ ಬಾರದು. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. "ಇಬ್ರೂ ರಫಿ ಸಾಬರ ಮನ್ಯಾಗ ಉಂಡವ್ರೇ ಅದಾರ್ರೀ. ಒಬ್ರು ಉಂಡು ತಾಟ ತೊಳದಿಟ್ಟು ಹೋಗ್ಯಾರ, ಇನ್ನೊಬ್ರು ಇನ್ನಷ್ಟು ಹಾಕ್ರಿ ಅಂತ ಕುಂತಾರ." ಎಸ್.ಪಿ.ಬಿ. ಹಿಂದಿಯ ಗಾಯಕ ಮೊಹಮ್ಮದ್ ರಫಿಯವರ ಮೇಲಿನ ಭಕ್ತಿಯನ್ನು ವೇದಿಕೆಯಲ್ಲೇ ಹೇಳಿಕೊಳ್ಳುತ್ತಿದ್ದವರು ಎಂದು ತಿಳಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಪಿ.ಬಿ.ಎಸ್. ಉರ್ದುವಿನಲ್ಲಿ ಗಜಲ್ ಬರೆಯುತ್ತಿದ್ದರು ಎಂದಾಗ ಮಾತ್ರ 'ಬಾರೆ ಬಾರೆ'ಯನ್ನು ಇನ್ನೊಮ್ಮೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೇಳಿ, ಬೇರೇನೂ ಹೇಳದೆ ಚಹಾ ಕುಡಿದು ಹೋದರು.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಇಬ್ಬರೂ ತೆಲುಗು ನಾಡಿನಿಂದ ಬಂದವರಲ್ಲವೇ, ಉಚ್ಚಾರಣೆಯಲ್ಲಿ ಅದರ ವಾಸನೆ ಸಿಗಬಹುದೆಂದು ತೆಲಂಗಾಣದ ಗಡಿಗೆ ಹತ್ತಿರವಾದ ಸೇಡಂ, ಚಿಂಚೋಳಿ ಕಡೆಯ, ಎರಡೂ ಭಾಷೆ ಆಡುವ ನಾಲ್ವರನ್ನು ಕೂರಿಸಿದೆ. ಅರ್ಧ ದಿನ ಕೇಳಿದರೂ ಒಬ್ಬರಿಗೂ ಏನೂ ಸಿಗಲಿಲ್ಲ. ಬದಲಿಗೆ, ಇಬ್ಬರ ಕನ್ನಡವೂ ಮೈಸೂರಿನ ಕಡೆಯದು, ನಮ್ಮದಲ್ಲ ಎಂದು ತಕರಾರು ತೆಗೆದರು! ಇನ್ನೊಮ್ಮೆ ಗದುಗಿನ ಪುಣ್ಯಾಶ್ರಮದಲ್ಲಿ ಕಲಿತು ಬಂದ ತಬಲಾ ಮಾಸ್ತರರೊಬ್ಬರಿಗೆ, ಎಸ್.ಪಿ.ಬಿ. ಅವರಿಗೆ ರಾಷ್ಟ್ರಪ್ರಶಸ್ತಿ ತಂದ 1995ರ 'ಉಮಂಡು ಘುಮಂಡು' ಕೇಳಿಸಿದೆ. ತಮ್ಮ ಆಶ್ರಮದ ಗುರು ಪಂಚಾಕ್ಷರ ಗವಾಯಿಗಳ ಕುರಿತ ಚಿತ್ರದ ಹಾಡು ಎಂಬ ಅಭಿಮಾನದಿಂದ ಅವರು ತಾಳ ಹಾಕುತ್ತ ಕುಳಿತರೇ ಹೊರತು ಚೀಟಿ ಬರೆಯಲಿಲ್ಲ. ಈ ಹಾಡಿಗೆ ಎದುರಾಗಿ ಇಡಲು ಪಿ.ಬಿ.ಎಸ್. ಅವರದು ಯಾವುದನ್ನು ತರಬೇಕೆಂದು ನನಗೂ ಹೊಳೆಯಲಿಲ್ಲ. ಆ ಪ್ರಯೋಗವನ್ನು ಕೈಬಿಟ್ಟೆ.

ಲೆಕ್ಕ ಹೇಳಿ ಮುಗಿಸುತ್ತೇನೆ. ಈಗ ಕೂಟ ನಡೆಯುವುದು ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ, ತಿಂಗಳಿಗೊಮ್ಮೆ, ತಲೆಗೆ ಐವತ್ತು ರೂಪಾಯಿ. ಚಹಾ, ಸುಸಲಾ, ಮಿರ್ಚಿ ಭಜಿಗೆ ಎಂಟುನೂರು ಒಂಬೈನೂರು ಹೋಗುತ್ತದೆ. ಮೂವತ್ತು ಜನ ಬಂದರೆ ಆರುನೂರು ಏಳುನೂರು ಉಳಿಯುತ್ತದೆ. ಈ ಲೆಕ್ಕದಲ್ಲಿ ಹಳೆಯ ನಷ್ಟ ತುಂಬಲು ಇನ್ನೂ ಐದು ವರ್ಷ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೂಟ ಇಡುವುದಿಲ್ಲ. ಫ್ಯಾನ್ ಹಾಕಿದರೆ ಉಸಿರಿನ ಸದ್ದು ಕೇಳುವುದಿಲ್ಲ, ಹಾಕದಿದ್ದರೆ ಜನ ಕೂರುವುದಿಲ್ಲ. ಪೆಂಡಾಲ್ ಮಾತು ಆಡಿದ್ದ ಆರ್ಕೆಸ್ಟ್ರಾ ಗೆಳೆಯರು ಈಗ ಪ್ರತಿ ಸಲ ಬರುತ್ತಾರೆ, ಐವತ್ತು ರೂಪಾಯಿ ಮಾತ್ರ ಕೊಡುವುದಿಲ್ಲ. ನನ್ನ ತುಣುಕುಗಳ ಅನುಕ್ರಮವನ್ನು ಎರಡು ಬಾರಿ ಬರೆದುಕೊಳ್ಳಲು ನೋಡಿದರು, ನಾನು ಎರಡು ಬಾರಿಯೂ ಬದಲಿಸಿಬಿಟ್ಟೆ. ಮಳೆಗಾಲ ಆರಂಭವಾದ ಮೇಲೆ ಪಿ.ಬಿ.ಎಸ್. ಮತ್ತು ಸ್ವತಃ ರಾಜಕುಮಾರ್ ಅವರ ಜೋಡಿಯನ್ನು ಹೀಗೆಯೇ ಇಟ್ಟು ಕೇಳಿಸುವ ವಿಚಾರವಿದೆ. ಅದಕ್ಕೆ ಬೇಕಾದ ತಟ್ಟೆಯೊಂದು ಆಳಂದದಲ್ಲಿ ಒಬ್ಬರ ಮನೆಯಲ್ಲಿದೆಯಂತೆ. ಅವರು ಮಾರುವುದಿಲ್ಲ, ಕೂಟಕ್ಕೆ ಕರೆದರೆ ತಾವೇ ಹಿಡಿದುಕೊಂಡು ಬರುತ್ತಾರಂತೆ.