ಕೈಸನ್ನೆ ಓದುವ ಕ್ಯಾಮೆರಾ: ನೀವೇ ಮಾಡಿ ನೋಡಿ

ಲ್ಯಾಪ್‌ಟಾಪ್ ಇದ್ದು, ಸ್ವಲ್ಪ ಪೈಥಾನ್ ಬರುತ್ತಿದ್ದರೆ ಸನ್ನೆ ಭಾಷೆಯ ಅಕ್ಷರ ಗುರುತಿಸುವ ಪ್ರೋಗ್ರಾಂ ಬರೆಯಬಹುದು. ಕ್ಯಾಮೆರಾ ಮಸುಕಾಗಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಾದಾ ವೆಬ್‌ಕ್ಯಾಮ್ ತನ್ನಿ.

ಮೊದಲು ಯಾವ ಸನ್ನೆ ಭಾಷೆ ಎಂದು ತೀರ್ಮಾನಿಸಿ. ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುವ ಫೋಟೊಗಳು ಜಾಸ್ತಿ ಅಮೆರಿಕದವು. ಅಲ್ಲಿ ಅಕ್ಷರಕ್ಕೆ ಒಂದೇ ಕೈ ಸಾಕು. ಭಾರತೀಯ ಸನ್ನೆ ಭಾಷೆಯಲ್ಲಿ ಇಂಗ್ಲಿಷಿನ ಎ, ಬಿ ಸೇರಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು. ಅಮೆರಿಕದ ಸನ್ನೆ ಕಲಿತ ಪ್ರೋಗ್ರಾಂನಿಂದ ಬೆಂಗಳೂರಿನ ಕಿವುಡ ಮಗುವಿಗೆ ಏನು ಉಪಯೋಗ? ಹಾಗಾಗಿ ಸನ್ನೆಗಳನ್ನು ಇಲ್ಲಿನ ಕಿವುಡರಿಂದಲೇ ಕಲಿಯಿರಿ, ಅವರ ಒಪ್ಪಿಗೆ ಪಡೆದು ಅವರ ಕೈಗಳನ್ನೇ ಸೆರೆಹಿಡಿಯಿರಿ.

ಈಗ ಓಪನ್‌ಸಿವಿ, ಮೀಡಿಯಾಪೈಪ್ ಎಂಬ ಪೈಥಾನ್ ಲೈಬ್ರರಿಗಳನ್ನು ಹಾಕಿಕೊಳ್ಳಿ. ಎರಡೂ ಉಚಿತ. ಓಪನ್‌ಸಿವಿ ಕ್ಯಾಮೆರಾದಿಂದ ಚಿತ್ರ ತರುತ್ತದೆ. ಗೂಗಲ್‌ನ ಮೀಡಿಯಾಪೈಪ್ ಪ್ರತಿ ಕೈಯಲ್ಲೂ 21 ಬಿಂದು ಹುಡುಕುತ್ತದೆ. ಮಣಿಕಟ್ಟು 0, ಹೆಬ್ಬೆರಳ ತುದಿ 4, ತೋರುಬೆರಳ ತುದಿ 8. ಎರಡು ಕೈಗೆ 42 ಬಿಂದು. ಅಡ್ಡ, ಉದ್ದದ ಸ್ಥಾನ ತೆಗೆದುಕೊಂಡರೆ 84 ಅಂಕಿ. ಫೋಟೊ ಬೇಡ, ಈ ಅಂಕಿಗಳನ್ನೇ ಅಕ್ಷರದ ಹೆಸರಿನ ಜೊತೆ ಉಳಿಸಿ. ಒಂದೇ ಕೈ ಕಂಡರೆ ಇನ್ನೊಂದರ ಜಾಗಕ್ಕೆ ಸೊನ್ನೆ ತುಂಬಿ.

ಅಂಕಿಗಳನ್ನು ಹಾಗೇ ಬಿಡಬೇಡಿ. ಕೈ ಪಕ್ಕಕ್ಕೆ ಸರಿದರೂ, ಕ್ಯಾಮೆರಾಗೆ ಹತ್ತಿರ ಬಂದರೂ ಅಕ್ಷರ ಅದೇ ಅಲ್ವಾ? ಒಂದು ಮಣಿಕಟ್ಟನ್ನು ಮೂಲವಾಗಿಟ್ಟು ಕಂಡ ಎಲ್ಲ ಬಿಂದುಗಳಿಂದ ಅದರ ಸ್ಥಾನ ಕಳೆಯಿರಿ. ಮಣಿಕಟ್ಟಿನಿಂದ ನಡುಬೆರಳ ಬುಡಕ್ಕಿರುವ ದೂರದಿಂದ ಭಾಗಿಸಿ. ಎರಡೂ ಕೈಗೆ ಮೂಲ ಒಂದೇ ಇರಲಿ. ಬೇರೆ ಬೇರೆ ಇಟ್ಟರೆ ಒಂದು ಕೈ ಇನ್ನೊಂದನ್ನು ಎಲ್ಲಿ ಮುಟ್ಟಿತು ಎನ್ನುವುದೇ ಅಳಿಸಿಹೋಗುತ್ತದೆ. ಎರಡು ಕೈಯ ಸನ್ನೆಯಲ್ಲಿ ಮುಖ್ಯವಾದದ್ದೇ ಅದು.

ಯಾವ ಅಂಕಿಗೆ ಯಾವ ಅಕ್ಷರ ಎಂದು ಪ್ರೋಗ್ರಾಂಗೆ ಕಲಿಸಲು, ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿರುವ ರ‍್ಯಾಂಡಮ್ ಫಾರೆಸ್ಟ್ ವಿಧಾನ ಸಾಕು.

ಪರೀಕ್ಷೆಯಲ್ಲಿ ಮಾತ್ರ ಬಿಗಿಯಾಗಿರಿ. ಒಬ್ಬರದೇ ಚಿತ್ರಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಅಂಕ ಸುಮ್ನೆ ಏರುತ್ತದೆ. ಕಲಿಕೆಯಲ್ಲಿ ಇಲ್ಲದ ವ್ಯಕ್ತಿಯ ಕೈ ತೋರಿಸಿ. ಒಂದು ಕೈ ಇನ್ನೊಂದನ್ನು ಮರೆಮಾಡಿದಾಗ ಬಿಂದುಗಳು ತಪ್ಪುತ್ತವೆ, ಅಂಥ ಅಕ್ಷರಗಳಿಗೆ ಬೇರೆ ಬೇರೆ ಕೋನದಿಂದ ಹೆಚ್ಚು ಉದಾಹರಣೆ ಸೇರಿಸಿ.

ಇಷ್ಟಾದರೆ ಅಕ್ಷರ ಬಂತು, ಭಾಷೆ ಇನ್ನೂ ದೂರ. ಪದಗಳಲ್ಲಿ ಕೈ ಚಲಿಸುತ್ತದೆ, ಪ್ರಶ್ನೆಯನ್ನು ಹುಬ್ಬು ಹೇಳುತ್ತದೆ. ಹಾಗಾಗಿ ಮುಂದಿನ ಹಂತದಲ್ಲಿ ಮುಖ, ಭುಜದ ಬಿಂದುಗಳನ್ನೂ ಸೇರಿಸಿ, ಒಂದು ಚಿತ್ರದ ಬದಲು ಚಿತ್ರಗಳ ಸರಣಿ ಕೊಡಬೇಕು. ಅದಕ್ಕೆ 2020ರಲ್ಲಿ ಬಂದ ಇನ್‌ಕ್ಲೂಡ್ ಸಂಗ್ರಹ ಬಳಸಿ. ಅದರಲ್ಲಿ ಭಾರತೀಯ ಸನ್ನೆ ಭಾಷೆಯ 263 ಪದಗಳ 4,287 ವಿಡಿಯೊಗಳಿವೆ.