ಸಭೆಯ ಪ್ರಶ್ನೆಯೊಂದನ್ನು ಹೊತ್ತು ಸೋಂಗ್ಡೊಗೆ: ನಾಲ್ಕನೇ ಲೊಸಾನ್ ಮಹಾಸಮ್ಮೇಳನದಲ್ಲಿ ನನ್ನ ಅನುಭವ

2024ರ ಸೆಪ್ಟೆಂಬರ್ 22ರಿಂದ 28ರವರೆಗೆ ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ ನಡೆದ, ಕ್ರಿಸ್ತನ ಸುವಾರ್ತೆಯನ್ನು ಲೋಕಕ್ಕೆಲ್ಲ ಸಾರುವ ಕೆಲಸವನ್ನು ಕುರಿತು ಕ್ರೈಸ್ತ ನಾಯಕರು ಕೂಡುವ ನಾಲ್ಕನೇ ಲೊಸಾನ್ ಮಹಾಸಮ್ಮೇಳನದಲ್ಲಿ ಭಾಗವಹಿಸುವ ಅವಕಾಶವನ್ನು ದೇವರು ನನಗೆ ಒದಗಿಸಿಕೊಟ್ಟರು. 200ಕ್ಕೂ ಹೆಚ್ಚು ದೇಶಗಳಿಂದ 5,000ಕ್ಕೂ ಹೆಚ್ಚು ಸಭಾನಾಯಕರು, ಉಪದೇಶಕರು, ವೈದ್ಯರು, ವ್ಯಾಪಾರಸ್ಥರು ಮತ್ತು ಶಿಕ್ಷಕರು ಸೋಂಗ್ಡೊ ಕನ್ವೆನ್ಸಿಯಾ ಸಭಾಂಗಣದಲ್ಲಿ ಒಂದು ವಾರ ಕೂಡಿದ್ದರು. ಉತ್ತರ ಕರ್ನಾಟಕದ ಸಣ್ಣ ಕ್ರೈಸ್ತ ಸಭೆಯೊಂದರ ಪಾಲಕನಾದ (ಪಾಸ್ಟರ್) ನಾನು ಅಷ್ಟು ದೊಡ್ಡ ಕೂಟಕ್ಕೆ ಹೇಗೆ ಸಿದ್ಧನಾದೆ, ಅಲ್ಲಿ ಸಮಯವನ್ನು ಹೇಗೆ ಬಳಸಿದೆ, ಮರಳಿ ಬಂದು ಏನು ಮಾಡಿದೆ ಎಂಬುದನ್ನು, ಮುಂದೆ ಇಂಥ ಸಮ್ಮೇಳನಗಳಿಗೆ ಹೋಗಲಿರುವ ನಮ್ಮ ಪಾಲಕರಿಗೂ ಹಿರಿಯರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೋಗುವ ಮೊದಲು ಈ ಸಮ್ಮೇಳನದ ಹಿನ್ನೆಲೆಯನ್ನು ಓದಿಕೊಂಡದ್ದು ನನಗೆ ಬಹಳ ಸಹಾಯ ಮಾಡಿತು. ಮೊದಲನೆಯದು 1974ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಅವರ ಮುಂದಾಳತ್ವದಲ್ಲಿ ನಡೆಯಿತು. ಇಂಗ್ಲೆಂಡಿನ ಪಾಲಕ ಜಾನ್ ಸ್ಟಾಟ್ ಅವರ ನೇತೃತ್ವದ ಸಮಿತಿ ರೂಪಿಸಿದ, 15 ಭಾಗಗಳ ಲೊಸಾನ್ ಒಡಂಬಡಿಕೆ ಎಂಬ ಘೋಷಣಾಪತ್ರ ಅಲ್ಲಿಯೇ ಹುಟ್ಟಿತು. ಸುವಾರ್ತೆಯನ್ನು ಸಾರುವುದೂ ಬಡವರ ಪರವಾಗಿ ನ್ಯಾಯಕ್ಕೆ ನಿಲ್ಲುವುದೂ ಕ್ರೈಸ್ತರ ಕರ್ತವ್ಯವೇ ಎಂದು ಅದರ ಐದನೆಯ ಭಾಗವು ಹೇಳಿದ ಮಾತಿಗೆ ಲ್ಯಾಟಿನ್ ಅಮೆರಿಕದಿಂದ ಬಂದಿದ್ದ ರೆನೆ ಪಾಡಿಲ್ಲಾ, ಸ್ಯಾಮುವೆಲ್ ಎಸ್ಕೋಬಾರ್ ಅವರಂಥವರ ಒತ್ತಾಸೆಯೂ ಇತ್ತು. ಮುಂದೆ 1989ರಲ್ಲಿ ಮನಿಲಾದಲ್ಲಿ, 2010ರಲ್ಲಿ ಕೇಪ್‌ಟೌನ್‌ನಲ್ಲಿ ಸಮ್ಮೇಳನಗಳು ನಡೆದವು. ಈ ಸರಣಿಯನ್ನು ತಿಳಿದುಕೊಂಡು ಹೋದವನಿಗೆ ವೇದಿಕೆಯ ಮಾತುಗಳು ಎಲ್ಲಿಂದ ಬರುತ್ತಿವೆ, ಯಾವ ಹಳೆಯ ಚರ್ಚೆಗೆ ಉತ್ತರ ಕೊಡುತ್ತಿವೆ ಎಂಬುದು ಬೇಗ ಹೊಳೆಯುತ್ತದೆ.

ಆದರೆ ನನ್ನ ನಿಜವಾದ ಸಿದ್ಧತೆ ನಡೆದದ್ದು ನಮ್ಮ ಸಭೆಯಲ್ಲಿಯೇ. ನನ್ನ ಪ್ರಯಾಣದ ಖರ್ಚಿನ ಒಂದು ಭಾಗವನ್ನು ಸಭೆಯವರು ಹೊತ್ತಿದ್ದರು. ಹಾಗಾಗಿ ನಾನು ಅವರ ಪರವಾಗಿ ಹೋಗುತ್ತಿದ್ದೇನೆಂಬ ಭಾವನೆ ಮೊದಲಿನಿಂದಲೂ ಇತ್ತು. ಆರಾಧನೆ ಮುಗಿದ ಮೇಲೆ ಹಿರಿಯರನ್ನು, ಮಹಿಳಾ ಕೂಟದವರನ್ನು, ಯೌವನಸ್ಥರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು, “ಅಷ್ಟೊಂದು ದೇಶಗಳ ಸಭಾನಾಯಕರು ಒಂದೇ ಕಡೆ ಸಿಗುತ್ತಾರೆ, ಅವರನ್ನು ನಾನು ಏನು ಕೇಳಿಕೊಂಡು ಬರಲಿ?” ಎಂದು ವಿಚಾರಿಸಿದೆ. ಸಭೆಯ ಲೆಕ್ಕಪತ್ರವನ್ನೂ ದೇವಾಲಯದ ಬೀಗದ ಕೈಯನ್ನೂ ಬಹುಕಾಲದಿಂದ ನೋಡಿಕೊಂಡು ಬಂದಿರುವ ಹಿರಿಯರೊಬ್ಬರು, “ಅಯ್ಯನೋರ, ನಮ್ಮ ಹುಡುಗರೆಲ್ಲಾ ಬೆಂಗಳೂರು, ಪುಣೆ ಅಂತ ಹೋಗ್ಯಾರ. ನಾವು ಮುದುಕರಾಗೇವಿ. ನಮ್ಮ ಹಿಂದ ಈ ಕೀಲಿಕೈ ಯಾರ ಕೈಯಾಗ ಕೊಡೂದು, ಅದನ್ನ ಕೇಳ್ಕೊಂಡು ಬರ್ರಿ” ಎಂದರು. ಯೌವನಸ್ಥರ ಗುಂಪಿನಲ್ಲಿದ್ದ ಹೆಣ್ಣುಮಗಳೊಬ್ಬಳು ಅದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಕೇಳಿದಳು: “ನಮಗೆ ಕುರ್ಚಿ ಜೋಡಿಸೋ ಕೆಲಸ ಬಿಟ್ಟು ಬೇರೆ ಯಾವ ಕೆಲಸ ಕೊಟ್ಟೀರಿ?” ಈ ಎರಡು ಮಾತುಗಳನ್ನೂ ನಾನು ಒಂದು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಅವರು ಆಡಿದ ಹಾಗೆಯೇ ಬರೆದುಕೊಂಡೆ. ಇಡೀ ವಾರ ಯಾವ ಗೋಷ್ಠಿಗೆ ಹೋಗಬೇಕು, ಯಾರೊಡನೆ ಕೂತು ಮಾತನಾಡಬೇಕು ಎಂಬುದನ್ನು ಆ ಪುಟವೇ ತೀರ್ಮಾನಿಸಿತು.

ಇಂಚಾನ್ ವಿಮಾನ ನಿಲ್ದಾಣವಿರುವ ದ್ವೀಪದಿಂದ ಸೋಂಗ್ಡೊಗೆ ಬರಲು ಸಮುದ್ರದ ಮೇಲೆ ಕಟ್ಟಿದ, 21 ಕಿಲೋಮೀಟರಿಗೂ ಉದ್ದವಾದ ಸೇತುವೆಯನ್ನು ದಾಟಬೇಕು. ಸೋಂಗ್ಡೊ ಬಡಾವಣೆಯೇ ಸಮುದ್ರವನ್ನು ತುಂಬಿಸಿ ಮಾಡಿದ ನೆಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಸಾಧ್ಯವಾದರೆ ಒಂದು ದಿನ ಮೊದಲೇ ತಲುಪುವುದು ಒಳ್ಳೆಯದು. ನಿದ್ದೆಗೆಟ್ಟ ತಲೆಯಲ್ಲಿ ಎಂಥ ಉಪದೇಶವೂ ಉಳಿಯುವುದಿಲ್ಲ.

ಸಾವಿರಾರು ಜನ ಒಟ್ಟಿಗೆ ಕೂಡುವ ಮುಖ್ಯ ಸಭಾಂಗಣದಲ್ಲಿ ಸಾಲುಕುರ್ಚಿಗಳ ಬದಲು ಮೇಜುಗಳಿದ್ದವು. ಪ್ರತಿ ಮೇಜಿಗೆ ಬೇರೆ ಬೇರೆ ದೇಶಗಳ ಐದಾರು ಮಂದಿ. ಅಪೊಸ್ತಲರ ಕೃತ್ಯಗಳ ಪುಸ್ತಕದಿಂದ ದೇವರ ವಾಕ್ಯದ ವಿವರಣೆ ನಡೆದ ಮೇಲೆ ಮೇಜಿನವರು ತಮ್ಮೊಳಗೆ ಅದನ್ನು ಚರ್ಚಿಸಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕಿತ್ತು. ಈ ಸಮ್ಮೇಳನದ ಜೀವಾಳ ವೇದಿಕೆಯಲ್ಲಿರಲಿಲ್ಲ, ಈ ಮೇಜುಗಳಲ್ಲಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ವೇದಿಕೆಯ ಉಪನ್ಯಾಸವನ್ನು ಮನೆಯಲ್ಲಿ ಕೂತು ವಿಡಿಯೊದಲ್ಲಿಯೂ ನೋಡಬಹುದು. ಆದರೆ ನನ್ನ ಸಭೆಯ ಪ್ರಶ್ನೆಯನ್ನು ಕೇಳಿ, ತನ್ನ ಸಭೆಯ ನೋವನ್ನು ನನ್ನ ಮುಂದಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸುವ ಮನುಷ್ಯ ಆ ಮೇಜಿನಲ್ಲಿ ಮಾತ್ರ ಸಿಗುತ್ತಾನೆ.

ನಮ್ಮ ಮೇಜಿನಲ್ಲಿ ಜಪಾನಿನ ಒಬ್ಬ ಮಹಿಳಾ ಪಾಲಕರಿದ್ದರು. ಅವರ ಸಭೆಯ ಸದಸ್ಯರಲ್ಲಿ ಬಹುಪಾಲು ಜನ ಎಪ್ಪತ್ತು ದಾಟಿದವರು, ಅವರೊಬ್ಬರೇ ಒಂದಕ್ಕಿಂತ ಹೆಚ್ಚು ಸಭೆಗಳನ್ನು ನೋಡಿಕೊಳ್ಳುತ್ತಿದ್ದಾರೆ. ನಾನು ನೋಟ್‌ಬುಕ್ಕಿನ ಮೊದಲ ಪುಟವನ್ನು ಅನುವಾದಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಹಿರಿಯರು ಈ ಪ್ರಶ್ನೆಯನ್ನು ಈಗಲೇ ಕೇಳುತ್ತಿದ್ದಾರೆ. ನಮ್ಮಲ್ಲಿ ಕೇಳುವ ಹೊತ್ತಿಗೆ ಮಕ್ಕಳು ಉಳಿದಿರಲಿಲ್ಲ” ಎಂದರು. ನಮ್ಮ ಸಭೆ ಈಗ ಹಿಡಿದಿರುವ ದಾರಿಯ ಆಚೆ ಕೊನೆಯಿಂದ ಬಂದವರಂತೆ ಅವರು ನನಗೆ ಕಂಡರು. ಕೆನ್ಯಾದ ಪಾಲಕರೊಬ್ಬರು ತಮ್ಮಲ್ಲಿರುವ ಒಂದು ಪದ್ಧತಿಯನ್ನು ವಿವರಿಸಿದರು: ಅವರ ಸಭೆಯಲ್ಲಿ ಯಾವ ಜವಾಬ್ದಾರಿಯನ್ನೂ ಒಬ್ಬರಿಗೇ ಕೊಡುವುದಿಲ್ಲ. ಖಜಾಂಚಿಯ ಪಕ್ಕದಲ್ಲಿ ಒಬ್ಬ ಕಿರಿಯ, ಸಂಡೇ ಸ್ಕೂಲ್ ಮೇಲ್ವಿಚಾರಕಿಯ ಪಕ್ಕದಲ್ಲಿ ಒಬ್ಬ ಕಿರಿಯಳು ಇದ್ದೇ ಇರಬೇಕು. ಹಿರಿಯರ ಅವಧಿ ಮುಗಿದಾಗ ಹೊಸಬರನ್ನು ಹುಡುಕುವ ಗೋಜೇ ಇರುವುದಿಲ್ಲ. ನಾನು ಅವರನ್ನು ಬಿಡದೆ ವಿವರ ಕೇಳಿದೆ. ಕಿರಿಯನು ಲೆಕ್ಕದಲ್ಲಿ ತಪ್ಪಿದರೆ ಯಾರು ಹೊಣೆ, ಹಿರಿಯನು ಕಲಿಸಲು ಒಪ್ಪದಿದ್ದರೆ ಏನು ಮಾಡುತ್ತೀರಿ, ಊರು ಬಿಟ್ಟು ಹೋದ ಕಿರಿಯನ ಸ್ಥಾನವನ್ನು ಎಷ್ಟು ಬೇಗ ತುಂಬುತ್ತೀರಿ, ಹೀಗೆ. ಅವರು ತಾಳ್ಮೆಯಿಂದ ಉತ್ತರಿಸಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಹಲವು ಪುಟಗಳಷ್ಟಿದೆ.

ಆ ಮೇಜಿನಲ್ಲಿ ಕೂತಾಗಲೆಲ್ಲ ನನಗೆ ವಿ. ಎಸ್. ಅಜರಯ್ಯನವರ ನೆನಪಾಗುತ್ತಿತ್ತು. 1910ರಲ್ಲಿ ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನಕ್ಕೆ ಬಂದಿದ್ದ ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. ಅವರಲ್ಲಿ ಒಬ್ಬರಾಗಿದ್ದ, ಮುಂದೆ 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದ ಅಜರಯ್ಯನವರು ಪಾಶ್ಚಾತ್ಯ ಮಿಷನರಿಗಳ ತ್ಯಾಗವನ್ನು ಸ್ಮರಿಸಿದ ಮೇಲೆ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದು ಬೇಡಿಕೊಂಡರು. ನೂರು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ, ಏಷ್ಯಾದ ನೆಲದಲ್ಲಿಯೇ, ಜಪಾನಿನವರೂ ಆಫ್ರಿಕದವರೂ ಕನ್ನಡ ನಾಡಿನ ಹಳ್ಳಿಗಾಡಿನವನೂ ಒಂದೇ ಮೇಜಿನ ಸುತ್ತ ಸರಿಸಮನಾಗಿ ಕೂತು ಒಬ್ಬರಿಂದೊಬ್ಬರು ಕಲಿಯುತ್ತಿದ್ದುದನ್ನು ಕಂಡು ನನ್ನ ಹೃದಯ ತುಂಬಿ ಬಂತು.

ಗೋಷ್ಠಿಗಳ ವಿಷಯದಲ್ಲಿ ನಾನು ಜಿಪುಣತನ ಮಾಡಿದೆ ಎನ್ನಬಹುದು. ಮಧ್ಯಾಹ್ನದ ಗುಂಪುಚರ್ಚೆಗಳಿಗೆ ಹಲವಾರು ವಿಷಯಗಳಿದ್ದರೂ ನಾಯಕತ್ವವನ್ನು ಬೆಳೆಸುವ ವಿಷಯವೊಂದನ್ನೇ ಆರಿಸಿಕೊಂಡು ಅದರಲ್ಲಿಯೇ ಉಳಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೇಳಿದವರಿಗೆ ಊರಿಗೆ ಬಂದ ಮೇಲೆ ಯಾವುದನ್ನೂ ಪೂರ್ತಿಯಾಗಿ ಹೇಳಲಾಗುವುದಿಲ್ಲ. ಟಿಪ್ಪಣಿ ಬರೆಯುವುದಕ್ಕೂ ನನ್ನದೇ ಒಂದು ಕ್ರಮವಿತ್ತು. ಪುಟದ ನಡುವೆ ಗೆರೆ ಎಳೆದು ಎಡಗಡೆ ಕೇಳಿದ ಮಾತನ್ನೂ, ಬಲಗಡೆ ಆ ಮಾತನ್ನು ನಮ್ಮ ಸಭೆಯಲ್ಲಿ ಯಾರಿಗೆ ಹೇಳಬೇಕು ಎಂದು ಅವರ ಹೆಸರನ್ನೂ ಬರೆಯುತ್ತಿದ್ದೆ. ಬಲಗಡೆ ಯಾರ ಹೆಸರೂ ಹೊಳೆಯದ ಮಾತು ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಅಲ್ಲಿ ಕನ್ನಡದ ಅನುವಾದ ಇರಲಿಲ್ಲವಾದ್ದರಿಂದ ಹಗಲು ಇಂಗ್ಲಿಷಿನಲ್ಲಿ ಕೇಳಿದ್ದನ್ನು ರಾತ್ರಿ ಕೋಣೆಯಲ್ಲಿ ಕೂತು, ನಮ್ಮ ಹಿರಿಯರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ತಿರುಗಿ ಬರೆಯುತ್ತಿದ್ದೆ. ಕನ್ನಡದಲ್ಲಿ ಹೇಳಲು ಬಾರದ ವಿಚಾರ ನನಗೇ ಸರಿಯಾಗಿ ಅರ್ಥವಾಗಿಲ್ಲವೆಂದು ತಿಳಿದು, ಮರುದಿನ ಮೇಜಿನವರನ್ನು ಮತ್ತೆ ಕೇಳುತ್ತಿದ್ದೆ.

ಸಮ್ಮೇಳನದ ಆರಂಭದಲ್ಲಿಯೇ ಸಿಯೋಲ್ ಹೇಳಿಕೆ ಎಂಬ ದಾಖಲೆ ಪ್ರಕಟವಾಯಿತು. ಸುವಾರ್ತೆ, ಸತ್ಯವೇದ, ಸಭೆ, ಮನುಷ್ಯ, ಶಿಷ್ಯತ್ವ, ಜನಾಂಗಗಳು ಮತ್ತು ತಂತ್ರಜ್ಞಾನ ಎಂಬ ಏಳು ವಿಷಯಗಳನ್ನು ಕುರಿತ ಅದು ಶ್ರದ್ಧೆಯಿಂದ ಓದಬೇಕಾದ ಬರಹ. 1974ರಲ್ಲಿ ಪ್ರತಿನಿಧಿಗಳ ಸಲಹೆಗಳನ್ನು ಪಡೆದು ಒಡಂಬಡಿಕೆಯ ಕರಡನ್ನು ತಿದ್ದಿದ ಹಾಗೆ, ಈ ದಾಖಲೆಯನ್ನೂ ಮೇಜುಗಳ ಮುಂದಿಟ್ಟು ಚರ್ಚಿಸಿದ್ದರೆ ಅದು ನಮ್ಮೆಲ್ಲರ ಮಾತಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಕೊರಿಯಾದ ಸಭೆಯ ಚರಿತ್ರೆಯೂ ನನ್ನ ಪ್ರಶ್ನೆಗೆ ಬೆಳಕು ಕೊಟ್ಟಿತು. ಅಂಡರ್‌ವುಡ್ ಮತ್ತು ಅಪೆನ್‌ಜೆಲ್ಲರ್ ಎಂಬ ಮಿಷನರಿಗಳು 1885ರ ಈಸ್ಟರ್ ದಿನ ಇದೇ ಇಂಚಾನ್ ಬಂದರಿನಲ್ಲಿ ಇಳಿದರು. ನಮ್ಮ ಧಾರವಾಡಕ್ಕೆ ಬಾಸೆಲ್ ಮಿಷನ್ನಿನವರು 1837ರಲ್ಲಿಯೇ ಬಂದಿದ್ದರು ಎಂಬುದನ್ನು ನೆನೆದರೆ, ಕೊರಿಯಾದ ಪ್ರೊಟೆಸ್ಟೆಂಟ್ ಸಭೆ ನಮಗಿಂತ ಅರ್ಧ ಶತಮಾನ ಕಿರಿಯದು. 1890ರಲ್ಲಿ ಚೀನಾದಿಂದ ಬಂದ ಜಾನ್ ನೀವಿಯಸ್ ಎಂಬ ಹಿರಿಯ ಮಿಷನರಿಯ ಸಲಹೆಯನ್ನು ಅಲ್ಲಿನವರು ಆರಂಭದಲ್ಲಿಯೇ ಪಾಲಿಸಿದರು: ಸ್ಥಳೀಯ ವಿಶ್ವಾಸಿಗಳು ತಮ್ಮ ಕಸುಬನ್ನು ಬಿಡದೆ ಸಭೆಯನ್ನು ನಡೆಸಬೇಕು, ಅದರ ಖರ್ಚನ್ನು ತಾವೇ ಹೊರಬೇಕು, ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬರಿಂದ ಕಲಿಯುತ್ತ ಇನ್ನೊಬ್ಬರಿಗೆ ಕಲಿಸಬೇಕು. 1907ರಲ್ಲಿ ಮೊದಲ ಏಳು ಮಂದಿ ಕೊರಿಯನ್ ಪ್ರೆಸ್ಬಿಟೇರಿಯನ್ ಪಾಲಕರಿಗೆ ದೀಕ್ಷೆಯಾಯಿತು. ಅಂದರೆ ಸಭೆ ಹುಟ್ಟಿ ಕಾಲು ಶತಮಾನ ತುಂಬುವ ಮೊದಲೇ ಜವಾಬ್ದಾರಿ ಸ್ಥಳೀಯರ ಕೈಗೆ ಬಂದಿತ್ತು. ನನ್ನಿಂದ ಕೇಳಿದ್ದನ್ನು ಇತರರಿಗೂ ಕಲಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸಿಕೊಡು ಎಂದು 2 ತಿಮೊಥೆ 2:2ರಲ್ಲಿ ಪೌಲನು ಹೇಳುವುದೂ ಇದನ್ನೇ ಅಲ್ಲವೇ?

ಒಂದು ಮುಂಜಾನೆ ಕತ್ತಲಿರುವಾಗಲೇ ಹತ್ತಿರದ ಸಭೆಯೊಂದರ ಪ್ರಾತಃಕಾಲದ ಪ್ರಾರ್ಥನೆಗೆ ಹೋದೆ. ಕೆಲಸಕ್ಕೆ ಹೊರಟ ಉಡುಪಿನಲ್ಲಿದ್ದವರು, ಅಜ್ಜಿಯರು, ಶಾಲೆಯ ಚೀಲ ಹೊತ್ತ ಒಬ್ಬ ಹುಡುಗ ಅಲ್ಲಿದ್ದರು. “ಜುಯೊ”, ಅಂದರೆ ಕರ್ತನೇ ಎಂದು ಮೂರು ಸಲ ಒಕ್ಕೊರಲಿನಿಂದ ಕೂಗಿದ ಮೇಲೆ ಎಲ್ಲರೂ ಏಕಕಾಲಕ್ಕೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ನನ್ನ ಪಕ್ಕದ ಅಜ್ಜಿಯ ಕೈಯಲ್ಲಿ ಅಂಚು ಸವೆದುಹೋದ ಒಂದು ಹಾಳೆಯಿತ್ತು, ಅದರ ತುಂಬ ಸಾಲುಸಾಲಾಗಿ ಹೆಸರುಗಳು. ಒಂದೊಂದರ ಮೇಲೆ ಬೆರಳಿಟ್ಟು ಅವರು ಪ್ರಾರ್ಥಿಸುತ್ತಿದ್ದರು. ಅವು ಸಭೆಯ ಯುವಜನರ ಹೆಸರುಗಳೆಂದು ಆಮೇಲೆ ಸ್ವಯಂಸೇವಕರೊಬ್ಬರು ತಿಳಿಸಿದರು.

ಊರಿಗೆ ಬಂದ ಮೇಲೆ ಉಪದೇಶದ ಸಮಯದಲ್ಲಿ ಸಮ್ಮೇಳನದ ವರದಿಯನ್ನು ಓದಲಿಲ್ಲ. ನೋಟ್‌ಬುಕ್ಕಿನ ಬಲಗಡೆ ಹೆಸರಿದ್ದವರ ಮನೆಗಳಿಗೆ ಹೋಗಿ, ಅವರಿಗೆಂದು ಬರೆದುಕೊಂಡದ್ದನ್ನು ಅವರಿಗೇ ಓದಿ ಹೇಳಿದೆ. ಇದಕ್ಕೆ ತಿಂಗಳುಗಳೇ ಹಿಡಿದವು, ಆದರೆ ಪ್ರತಿ ಮನೆಯಲ್ಲಿಯೂ ನಿಜವಾದ ಮಾತುಕತೆ ನಡೆಯಿತು. ಕೆನ್ಯಾದ ಪದ್ಧತಿಯನ್ನು ಹಿರಿಯರ ಸಮಿತಿಯ ಮುಂದಿಟ್ಟಾಗ ಕೆಲವರು ಕೂಡಲೇ ಒಪ್ಪಿದರು, ಕೆಲವರು ಹಣದ ವಿಷಯದಲ್ಲಿ ಬೇಡವೆಂದರು. ಆ ಅಂಜಿಕೆಯಲ್ಲಿ ನ್ಯಾಯವಿದೆ, ಏಕೆಂದರೆ ಅದು ದೇವಜನರ ಕಾಣಿಕೆ. ಹಾಗಾಗಿ ಸಂಡೇ ಸ್ಕೂಲ್, ಗಾನವೃಂದ ಮತ್ತು ರೋಗಿಗಳ ಭೇಟಿಯ ಕೆಲಸಗಳಲ್ಲಿ ಮೊದಲು ಜೋಡಿಗಳನ್ನು ಮಾಡಿದೆವು. ಕುರ್ಚಿಯ ಮಾತೆತ್ತಿದ್ದ ಹೆಣ್ಣುಮಗಳು ಈಗ ರೋಗಿಗಳ ಭೇಟಿಗೆ ಹಿರಿಯರೊಬ್ಬರ ಜೊತೆ ಹೋಗುತ್ತಾಳೆ, ಆಸ್ಪತ್ರೆಯಲ್ಲಿ ಪ್ರಾರ್ಥಿಸುವುದನ್ನು ಅವರಿಂದ ಕಲಿಯುತ್ತಿದ್ದಾಳೆ. ಬೆಂಗಳೂರಿನಲ್ಲಿರುವ ನಮ್ಮ ಯುವಕರಲ್ಲಿ ಕೆಲವರು ವಾರಕ್ಕೊಮ್ಮೆ ಫೋನಿನಲ್ಲಿಯೇ ಕೂಡಿ ಸತ್ಯವೇದ ಓದುತ್ತಿದ್ದಾರೆ. ಆ ಕೂಟವನ್ನು ಸರದಿಯ ಮೇಲೆ ಅವರೇ ನಡೆಸುತ್ತಾರೆ, ನಾನು ಕೇಳುವವನಾಗಿ ಮಾತ್ರ ಇರುತ್ತೇನೆ.

ಲೆಕ್ಕಪತ್ರಕ್ಕೆ ಕಿರಿಯರೊಬ್ಬರನ್ನು ಜೊತೆಗೂಡಿಸುವ ವಿಷಯ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿದೆ. ಕೆನ್ಯಾದ ಪಾಲಕರು ತಮ್ಮ ಸಭೆಯ ಖಜಾಂಚಿಗಳಿಗೆ ಮಾಡಿಕೊಂಡಿರುವ ನಿಯಮಗಳನ್ನು ಕಳಿಸಿದ್ದಾರೆ, ಅವುಗಳ ಕನ್ನಡ ಅನುವಾದ ಈಗ ನಮ್ಮ ಹಿರಿಯರ ಕೈಯಲ್ಲಿದೆ.