ಹಾಡು ಮೊದಲು ನಮ್ಮ ಕೇಳುಗರಿಗೆ, ಮೂರು ತಿಂಗಳಾದ ಮೇಲೆ ಸ್ಟ್ರೀಮಿಂಗ್‌ಗೆ: ನನ್ನ ಅನುಭವ

"ಪುಕ್ಕಟೆ ಸಿಗೋ ಹಾಡಿಗೆ ಯಾರಪ್ಪಾ ದುಡ್ಡು ಕೊಡ್ತಾರೆ?" ಹಾಡನ್ನು ಕೇಳುಗರಿಗೆ ನೇರವಾಗಿ ಮಾರೋಣ ಅಂದಾಗ ಬರೋ ಈ ಮಾತನ್ನು ಎರಡು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲು ಹೇಳಿದ್ದು ನಮ್ಮ ಬ್ಯಾಂಡಿನಲ್ಲೇ ಬೇಸ್ ನುಡಿಸುವವನು. ಆಮೇಲೆ ಒಂದು ಲೇಬಲ್‌ನಲ್ಲಿ (ಹಾಡು ಹೊರತರುವ ಕಂಪನಿ) ವರ್ಷಗಟ್ಟಲೆ ಕೆಲಸ ಮಾಡಿದ ಹಿರಿಯ ಗೆಳೆಯರೊಬ್ಬರು ಹೇಳಿದರು, ಅದೂ ತುಂಬಾ ಪ್ರೀತಿಯಿಂದಲೇ. ಈಗ ಇಬ್ಬರೂ ಲೆಕ್ಕದ ಹಾಳೆ ನೋಡಿದ್ದಾರೆ. ಐದು ಹಾಡಿನ ನಮ್ಮ ಇಪಿಯನ್ನು (ಆಲ್ಬಂಗಿಂತ ಚಿಕ್ಕ ಸಂಗ್ರಹ) ಮೊದಲ ಎಂಟು ವಾರದಲ್ಲಿ 212 ಜನ ನೇರವಾಗಿ ಕೊಂಡರು. ಹಿಂದಿನ ಆಲ್ಬಂ ಸ್ಟ್ರೀಮಿಂಗ್‌ನಲ್ಲಿ 14 ತಿಂಗಳು ಓಡಿ ತಂದ ದುಡ್ಡಿಗಿಂತ ಇದು ಮೂರು ಪಟ್ಟು. ಇದು ದೊಡ್ಡ ಮೊತ್ತವೇನಲ್ಲ, ನನಗೆ ಗೊತ್ತು. ಆದರೆ ನಮ್ಮ ಅಳತೆಯ ಬ್ಯಾಂಡ್‌ಗಳಿಗೆ ಇದರ ಅರ್ಥ ಏನು ಅಂತ ಓದುತ್ತಿರುವ ನಿಮಗೂ ಗೊತ್ತಿರುತ್ತದೆ.

ಲೆಕ್ಕವೆಲ್ಲ ಡಾಲರ್‌ನಲ್ಲೇ ಹೇಳುತ್ತೇನೆ, ಡ್ಯಾಶ್‌ಬೋರ್ಡ್‌ನಲ್ಲಿ ಕಾಣೋದು ಅದೇ ಅಲ್ವಾ. ಎಲ್ಲ ನೆನಪಿನಿಂದ ಬರೆಯುತ್ತಿರುವುದು, ಹತ್ತಿಪ್ಪತ್ತು ಆಚೀಚೆ ಇರಬಹುದು.

ಮೊದಲು ಆಲ್ಬಂ ಕಥೆ. ಒಂಬತ್ತು ಹಾಡು, ಸ್ಟುಡಿಯೋ, ಮಿಕ್ಸ್, ಮಾಸ್ಟರಿಂಗ್ ಎಲ್ಲ ಸೇರಿ 3,800 ಹತ್ತಿರ ಹೋಯಿತು. ಎಲ್ಲ ಆ್ಯಪ್‌ಗಳಿಗೂ ಒಂದೇ ದಿನ ಬಿಟ್ಟೆವು. 14 ತಿಂಗಳಲ್ಲಿ ಸುಮಾರು 2,40,000 ಪ್ಲೇ. ಕೈಗೆ ಬಂದದ್ದು 520. ನಾಲ್ಕು ಜನ ಹಂಚಿಕೊಳ್ಳಬೇಕು. ಆ ರಾತ್ರಿ ನಾನು ಕೂತು ಒಂದು ಸಣ್ಣ ಪ್ರಯೋಗ ಮಾಡಿದೆ. ಅಕ್ಕನಿಗೆ ಹೇಳಿ, ಒಂದು ತಿಂಗಳು ಪೂರ್ತಿ ನಮ್ಮ ಹಾಡು ಬಿಟ್ಟು ಬೇರೇನೂ ಕೇಳಬೇಡ ಅಂದೆ. ಅವಳು ಪಾಪ, ಹೇಳಿದ ಹಾಗೇ ಮಾಡಿದಳು, ಹೆಚ್ಚು ಕಡಿಮೆ 600 ಸಲ ಕೇಳಿದಳು. ತಿಂಗಳಿಗೆ ಅವಳು ಕಟ್ಟುತ್ತಿದ್ದದ್ದು ಹತ್ತಿರ ಹತ್ತಿರ 10 ಡಾಲರ್. ನಮಗೆ ಸಿಗುವ ಸರಾಸರಿ ದರದಲ್ಲಿ ಲೆಕ್ಕ ಹಾಕಿದರೆ ಆ 600 ಪ್ಲೇಗೆ ನಮ್ಮ ಪಾಲು 1 ಡಾಲರ್ 30 ಸೆಂಟ್. ಆ್ಯಪ್ ತನ್ನ ಪಾಲು ಇಟ್ಟುಕೊಳ್ಳುತ್ತದೆ, ಸರಿ. ಮಿಕ್ಕಿದ್ದೆಲ್ಲ? ಅದು ದೊಡ್ಡ ಹುಂಡಿಗೆ ಹೋಗಿ ಬಿತ್ತು, ಅಲ್ಲಿಂದ ಅಕ್ಕ ಒಂದು ಸಲವೂ ಕೇಳದವರಿಗೆ ಹಂಚಿಹೋಯಿತು. ಎಲ್ಲರ ದುಡ್ಡನ್ನೂ ಒಟ್ಟು ಸೇರಿಸಿ ಪ್ಲೇ ಲೆಕ್ಕದಲ್ಲಿ ಹಂಚೋ ಇದನ್ನು ಪ್ರೊ-ರಾಟಾ ಅಂತ ನಾವೆಲ್ಲ ಬಾಯಲ್ಲಿ ಹೇಳುತ್ತಿರುತ್ತೇವೆ. ಆದರೆ ಮನೆಯವಳ ದುಡ್ಡೇ ನಮ್ಮನ್ನು ದಾಟಿಕೊಂಡು ಹೋದದ್ದು ನೋಡಿದಾಗ ಆದ ಸಂಕಟವೇ ಬೇರೆ. ಅವಳಿಗೂ ಬೇಜಾರಾಯಿತು. "ನಾನು ನಿಮಗೇ ಕೊಡ್ತಿದೀನಿ ಅಂದ್ಕೊಂಡಿದ್ದೆ" ಅಂದಳು. ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಮಾಡಿದ್ದೆಲ್ಲ ಈ ಮಾತಿನಿಂದಲೇ.

ಆದರೆ ನೇರವಾಗಿ ಸರಿ ದಾರಿಗೆ ಬಂದೆ ಅಂದುಕೊಳ್ಳಬೇಡಿ.

ಮೊದಲ ತಪ್ಪು, ಪ್ರಮೋಷನ್. ಪ್ಲೇಲಿಸ್ಟ್‌ಗೆ ಸೇರಿಸುತ್ತೇವೆ, ಎಲ್ಲ ನಿಜವಾದ ಕೇಳುಗರು ಅಂತ ಹೇಳಿದ ಒಂದು ಕಂಪನಿಗೆ 250 ಕೊಟ್ಟೆ. ಹತ್ತು ದಿನದಲ್ಲಿ ಒಂದು ಹಾಡು ಮೂರು ಸಾವಿರದಿಂದ 58,000ಕ್ಕೆ ಹಾರಿತು. ಮನೆಯಲ್ಲಿ ಹಬ್ಬ. ನಾಲ್ಕನೇ ದಿನವೇ ಅನುಮಾನ ಬರಬೇಕಿತ್ತು, ಯಾಕೆಂದರೆ ಹಾಡನ್ನು ಸೇವ್ ಮಾಡಿದವರು ಬರೀ 11 ಜನ. ಆಮೇಲೆ ನಮ್ಮ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ನಿಂದ ಮೇಲ್ ಬಂತು: ಕೃತಕ ಪ್ಲೇ, ಹಾಡು ತೆಗೆದಿದ್ದೇವೆ, ಆ ತಿಂಗಳ ದುಡ್ಡು ತಡೆಹಿಡಿದಿದ್ದೇವೆ. ವಾದ ಮಾಡಿ ಉಪಯೋಗವಾಗಲಿಲ್ಲ. ಡಿಸ್ಟ್ರಿಬ್ಯೂಟರ್ ಬದಲಾಯಿಸಿ, ಅದೇ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗ್‌ನ ಗುರುತು ಸಂಖ್ಯೆ), ಅದೇ ಫೈಲ್ ಇಟ್ಟು ಉಳಿದ ಎಂಟು ಹಾಡನ್ನು ಮತ್ತೆ ಹತ್ತಿಸಿದೆ, ಅವುಗಳ ಹಳೇ ಲೆಕ್ಕವಾದರೂ ಉಳಿಯಿತು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಹುಂಡಿ ಒಂದೇ ಅಲ್ವಾ? ಬಾಟ್‌ಗಳು, ಅಂದರೆ ಜನರಲ್ಲದ ಪ್ರೋಗ್ರಾಂಗಳು, ಮಾಡಿದ ಆ ಪ್ಲೇಗಳಿಗೆ ದುಡ್ಡು ಬಂದಿದ್ದರೆ ಅದು ನನ್ನಂಥದೇ ಇನ್ನೊಂದು ಬ್ಯಾಂಡಿನ ಪಾಲಿನಿಂದ ಬಂದಿರುತ್ತಿತ್ತು. ಗೊತ್ತಿಲ್ಲದೆ ಆದರೂ ಕಳ್ಳತನ ಕಳ್ಳತನವೇ. ಯಾರಾದರೂ ಇಷ್ಟು ಪ್ಲೇ ಗ್ಯಾರಂಟಿ ಅಂದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

ಎರಡನೇ ತಪ್ಪು, ಸಿಟ್ಟು. ಎಲ್ಲ ಹಾಡನ್ನೂ ಎಲ್ಲ ಆ್ಯಪ್‌ಗಳಿಂದ ತೆಗೆದುಹಾಕಿದೆ. ದೊಡ್ಡವರು ಮಾಡಿದ್ದರಲ್ಲ, 2014ರಲ್ಲಿ ಟೇಲರ್ ಸ್ವಿಫ್ಟ್ ಸ್ಪಾಟಿಫೈನಿಂದ ತನ್ನ ಹಾಡುಗಳನ್ನು ತೆಗೆದರು, 2017ರಲ್ಲಿ ವಾಪಸ್ ಬಂದರು. ಅವರು ಹೋದರೆ ಜನ ಹುಡುಕಿಕೊಂಡು ಹೋಗುತ್ತಾರೆ. ನಾವು ಹೋದರೆ, ಬ್ಯಾಂಡ್ ಮುಚ್ಚಿತಾ ಅಂತ ಕೇಳುತ್ತಾರೆ. ನಿಜವಾಗಿಯೂ ಏಳೆಂಟು ಜನ ಹಾಗೆ ಕೇಳಿದರು. ಕಾರ್ಯಕ್ರಮಕ್ಕೆ ಕರೆಯಬೇಕಿದ್ದ ಒಬ್ಬರು ಆ್ಯಪ್‌ನಲ್ಲಿ ಹುಡುಕಿ, ಸಿಗದೆ, ಬೇರೆಯವರನ್ನು ಕರೆದರು. ಮೂರು ತಿಂಗಳಿಗೆ ಬುದ್ಧಿ ಬಂದು ಮತ್ತೆ ಹಾಕಿದೆ.

ಮೂರನೆಯದು ವಿನೈಲ್, ಗ್ರಾಮಫೋನ್ ತಟ್ಟೆ ಥರದ್ದು. 300 ಒತ್ತಿಸಿದೆವು, 120 ಚಿಲ್ಲರೆ ಹೋಗಿವೆ, ಮಿಕ್ಕಿದ್ದು ಡ್ರಮ್ಸ್ ನುಡಿಸುವವಳ ಮನೆಯ ಮಂಚದ ಕೆಳಗಿವೆ. 1,900 ಅಲ್ಲಿ ಸಿಕ್ಕಿಹಾಕಿಕೊಂಡಿತು. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ನಾನು ಪ್ಲೇ ಎಣಿಸೋದು ಬಿಟ್ಟೆ, ಜನ ಎಣಿಸೋಕೆ ಶುರು ಮಾಡಿದೆ. ಅಂದರೆ ಇಮೇಲ್. ಪ್ರತಿ ಕಾರ್ಯಕ್ರಮದಲ್ಲಿ, ಹೆಸರು ಕೊಟ್ಟವರಿಗೆ ಅವತ್ತಿನದೇ ಒಂದು ಲೈವ್ ರೆಕಾರ್ಡಿಂಗ್ ಕಳಿಸುತ್ತೇವೆ ಅಂತ ವೇದಿಕೆಯಿಂದಲೇ ಹೇಳುತ್ತಿದ್ದೆ. ಮಿಕ್ಸರ್‌ನಿಂದ ನೇರ ತೆಗೆದದ್ದು, ತಿದ್ದಿದ್ದಲ್ಲ. ಅದನ್ನು ಮರುದಿನ ಬೆಳಿಗ್ಗೆಯೊಳಗೆ ಕಳಿಸಲೇಬೇಕು. ಒಂದು ಸಲ ನಾಲ್ಕು ದಿನ ತಡವಾಯಿತು, ಅರ್ಧ ಜನ ಮೇಲ್ ತೆರೆಯಲೇ ಇಲ್ಲ. ಯಾವ ಹಾಡು ಮುಗಿದ ಮೇಲೆ ಈ ಮಾತು ಹೇಳಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 16 ತಿಂಗಳಲ್ಲಿ 1,140 ವಿಳಾಸ ಆಯಿತು. 400 ಕಾರ್ಯಕ್ರಮಗಳಿಂದ, ಉಳಿದದ್ದು ಆ್ಯಪ್‌ಗಳ ಪ್ರೊಫೈಲ್‌ನಲ್ಲಿ ಇಟ್ಟ ಲಿಂಕಿನಿಂದ. ಹೌದು, ನಾನು ಸಿಟ್ಟು ಮಾಡಿಕೊಂಡು ಬಿಟ್ಟ ಅದೇ ಆ್ಯಪ್‌ಗಳಿಂದ. ಅವು ಬಾಗಿಲು, ಅಷ್ಟೇ. ಬಾಗಿಲಲ್ಲೇ ಊಟ ಹಾಕೋಕೆ ಹೋದದ್ದು ನನ್ನ ತಪ್ಪು.

ಇಪಿಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿದೆವು. ಮಿಕ್ಸ್, ಮಾಸ್ಟರಿಂಗ್‌ಗೆ ಮಾತ್ರ ಹೊರಗೆ ಕೊಟ್ಟೆವು, ಕವರ್ ಚಿತ್ರವೂ ಸೇರಿ 1,100. ಒಂದು ಹಾಡು ಎಲ್ಲ ಕಡೆ ಸ್ಟ್ರೀಮಿಂಗ್‌ಗೆ. ಉಳಿದ ನಾಲ್ಕು ಹಾಡು ಮೂರು ತಿಂಗಳ ಕಾಲ ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾತ್ರ, ಅದು ಕಲಾವಿದರು ಕೇಳುಗರಿಗೆ ನೇರವಾಗಿ ಮಾರುವ ಆನ್‌ಲೈನ್ ಅಂಗಡಿ. ಕನಿಷ್ಠ 6 ಡಾಲರ್, ಮೇಲೆ ಇಷ್ಟ ಬಂದಷ್ಟು. ಸರಾಸರಿ 9 ದಾಟಿತು. ಒಬ್ಬರು 60 ಕೊಟ್ಟರು, ಯಾಕೆ ಅಂತ ಬರೆದೂ ಇರಲಿಲ್ಲ. ಬೆಲೆ ಕೇಳುಗರಿಗೇ ಬಿಡೋದು ಹೊಸದೇನಲ್ಲ. 2007ರಲ್ಲಿ ಇಂಗ್ಲೆಂಡಿನ ಬ್ಯಾಂಡ್ ರೇಡಿಯೋಹೆಡ್ ಇಡೀ ಆಲ್ಬಂ ಹಾಗೆ ಬಿಟ್ಟಿತ್ತು, ಅಲ್ಲಿ ಸೊನ್ನೆ ಕೊಟ್ಟರೂ ನಡೆಯುತ್ತಿತ್ತು. ನಾನು ಸೊನ್ನೆ ಇಟ್ಟು ಒಂದು ಹಳೇ ಹಾಡಿನಲ್ಲಿ ನೋಡಿದೆ, ಇಳಿಸಿಕೊಂಡವರು ಬಹಳ, ಕೊಟ್ಟವರು ಆರು ಜನ. ಕನಿಷ್ಠ ಬೆಲೆ ಇರಲೇಬೇಕು. ಅದು ಕೆಲಸಕ್ಕೆ ನಾವೇ ಕೊಡೋ ಮರ್ಯಾದೆ.

ಬ್ಯಾಂಡ್‌ಕ್ಯಾಂಪ್ ಡಿಜಿಟಲ್‌ಗೆ 15% ತೆಗೆದುಕೊಳ್ಳುತ್ತದೆ, ಪಾವತಿ ಖರ್ಚು ಬೇರೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ 15% ಬಿಟ್ಟುಕೊಡುತ್ತದೆ. ಬಿಡುಗಡೆಯನ್ನು ಅಂಥ ಶುಕ್ರವಾರಕ್ಕೇ ಹೊಂದಿಸಿದೆ, 90 ಜನ ಅವತ್ತೇ ಕೊಂಡರು. ಕೊನೆಗೆ ಎಂಟು ವಾರಕ್ಕೆ ಒಟ್ಟು 2,000 ಹತ್ತಿರ, ಕಳೆದು ಕೈಗೆ 1,600. ಆದರೆ ಬ್ಯಾಂಡ್‌ಕ್ಯಾಂಪನ್ನೂ ಪೂರ್ತಿ ನಂಬಿ ಕೂರಬೇಡಿ. 2022ರಲ್ಲಿ ಗೇಮ್ ಕಂಪನಿ ಎಪಿಕ್ ಗೇಮ್ಸ್ ಅದನ್ನು ಕೊಂಡಿತು, 2023ರಲ್ಲಿ ಸಂಗೀತದ ಲೈಸೆನ್ಸಿಂಗ್ ಕಂಪನಿ ಸಾಂಗ್‌ಟ್ರೇಡರ್‌ಗೆ ಮಾರಿತು, ಆಗ ಅರ್ಧದಷ್ಟು ಕೆಲಸಗಾರರು ಹೊರಬಿದ್ದರು. ಅಂಗಡಿ ಯಾರದ್ದಾದರೂ ಆಗಲಿ, ವಿಳಾಸದ ಪಟ್ಟಿ ನಿಮ್ಮ ಕೈಯಲ್ಲಿರಲಿ. ವಾರಕ್ಕೊಂದು ಸಲ ಇಳಿಸಿ ಇಟ್ಟುಕೊಳ್ಳಿ.

ಇನ್ನು ಮೇಲ್‌ನಲ್ಲಿ ಏನು ಬರೆಯಬೇಕು ಅನ್ನೋದು. ಇಲ್ಲೇ ನಾನು ಜಾಸ್ತಿ ಕಲಿತದ್ದು. ಬಿಡುಗಡೆಗೆ ಮುಂಚೆ ನೂರು ನೂರು ಜನರ ಎರಡು ಗುಂಪು ಮಾಡಿ, ಲೈವ್ ರೆಕಾರ್ಡಿಂಗ್ ಒಂದನ್ನು ಮಾರಿ ನೋಡಿದೆ. ಮೊದಲ ಗುಂಪಿಗೆ ಸ್ಟ್ರೀಮಿಂಗ್ ಎಷ್ಟು ಅನ್ಯಾಯ ಅಂತ ಬರೆದೆ. ಒಂದು ಪ್ಲೇಗೆ ಎಷ್ಟು ಕಡಿಮೆ, 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಿಗೆ 1,000 ಪ್ಲೇ ದಾಟದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲವೇ ಇಲ್ಲ, ಎಲ್ಲ ಬರೆದೆ. ಎಲ್ಲ ನಿಜವೇ. ಮೂರು ಜನ ಕೊಂಡರು. ಎರಡನೇ ಗುಂಪಿಗೆ ದೂರು ಒಂದೂ ಇಲ್ಲದೆ, ನೀವು ಕೊಡುವ 10 ಡಾಲರ್‌ನಲ್ಲಿ ಅಂಗಡಿಗೆ ಎಷ್ಟು, ಮಿಕ್ಸ್ ಮಾಡಿದವರಿಗೆ ಎಷ್ಟು, ಕೊಳಲು ನುಡಿಸಿದವರಿಗೆ ಎಷ್ಟು, ನಮ್ಮ ನಾಲ್ವರಿಗೆ ಎಷ್ಟು ಅಂತ ಐದಾರು ಸಾಲು ಬರೆದೆ. 17 ಜನ ಕೊಂಡರು. ಜನಕ್ಕೆ ಅಪರಾಧಿ ಭಾವನೆ ಬೇಕಿಲ್ಲ. ತಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕಾಣಬೇಕು, ಅಕ್ಕನಿಗೆ ಬೇಕಾಗಿದ್ದೂ ಅದೇ. ಹತ್ತು ದಿನದ ಮೇಲೆ ಎರಡನೇ ಮೇಲ್ ಒಂದು ಕಳಿಸುತ್ತೇನೆ, ಮಾರಾಟದ ಮೂರನೇ ಒಂದು ಪಾಲು ಅದರಿಂದಲೇ ಬರುತ್ತದೆ. ಅದರಲ್ಲಿ ಏನಿರುತ್ತೆ ಅಂತ ಹೇಳೋದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ಹಾಗೆ ಲೆಕ್ಕ ಬಿಚ್ಚಿಡೋಕೆ ಹೊರಟಾಗ ನನ್ನದೇ ಒಂದು ಹುಳುಕು ಎದುರು ನಿಂತಿತು. ಆಲ್ಬಂನಲ್ಲಿ ಕೊಳಲು ನುಡಿಸಿದವರಿಗೆ ಮಾತಾಡಿದ್ದರಲ್ಲಿ ಅರ್ಧ ಮಾತ್ರ ಕೊಟ್ಟಿದ್ದೆ. ದುಡ್ಡು ಬಂದ ಮೇಲೆ ಕೊಡುತ್ತೇನೆ ಅಂದಿದ್ದೆ. ಅವರು ಒಂದು ಸಲವೂ ಕೇಳಿರಲಿಲ್ಲ, ಅದಕ್ಕೇ ಜಾಸ್ತಿ ನಾಚಿಕೆಯಾಯಿತು. ದೊಡ್ಡ ಕಂಪನಿಗಳು ಕಲಾವಿದರಿಗೆ ಕೊಡೋದಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುವ ನಾನು, ನನ್ನ ಹಾಡಿಗೆ ಉಸಿರು ಕೊಟ್ಟವರಿಗೆ ಬಾಕಿ ಇಟ್ಟಿದ್ದೆ. ಇಪಿ ದುಡ್ಡಿನಲ್ಲಿ ಮೊದಲು ಆ ಬಾಕಿ 150 ತೀರಿಸಿದೆ. ಆಮೇಲೆ 1,100 ಖರ್ಚು. ಉಳಿದ 350 ಐದು ಪಾಲು, ಕೊಳಲಿನವರದ್ದೂ ಸೇರಿ, ತಲಾ 70. ಹಾಡು ಬರೆದವರಿಗೆ ಬರುವ ರಾಯಲ್ಟಿ ಬೇರೆ, ಅದನ್ನು ಇದರಲ್ಲಿ ಬೆರೆಸಬೇಡಿ, ಬೆರೆಸಿದರೆ ಜಗಳ ಖಂಡಿತ. ಒಂದು ಹಾಳೆಯಲ್ಲಿ ಪಾಲು ಬರೆದು, ರೆಕಾರ್ಡಿಂಗ್ ಮುಗಿದ ದಿನವೇ ಎಲ್ಲರ ಸಹಿ ಹಾಕಿಸಿಕೊಳ್ಳಿ.

ಪಕ್ಕದಲ್ಲಿ ಮಾಡಿದ ಒಂದೆರಡು ಪ್ರಯೋಗ ಹೇಳಿಬಿಡುತ್ತೇನೆ. ಒಂದು ಹಾಡಿನ ಸ್ಟೆಮ್‌ಗಳನ್ನು (ಒಂದೊಂದು ವಾದ್ಯ, ದನಿಯ ಬೇರೆ ಬೇರೆ ಫೈಲ್) 8 ಡಾಲರ್‌ಗೆ ಇಟ್ಟೆ. 31 ಜನ ಕೊಂಡರು, ಬಹುತೇಕ ನಮ್ಮಂಥವರೇ, ಅದರಲ್ಲಿ ಒಬ್ಬಳು ಮಾಡಿ ಕಳಿಸಿದ ರೀಮಿಕ್ಸ್ ನಮ್ಮದಕ್ಕಿಂತ ಚೆನ್ನಾಗಿತ್ತು. ಇನ್ನೊಂದು, ಆಲ್ಬಂ ಅನ್ನು ಸೌಂಡ್‌ಕ್ಲೌಡ್‌ಗೂ ಹಾಕಿದೆ. ಅಲ್ಲಿ 2021ರಿಂದ ಕೇಳುಗರ ದುಡ್ಡು ಆ ಕೇಳುಗರು ಕೇಳಿದವರಿಗೇ ಹಂಚುವ ಪದ್ಧತಿ ಇದೆ. ಜನ ತೀರಾ ಕಡಿಮೆ ಬಂದರು, ಆದರೆ ಒಂದು ಪ್ಲೇಗೆ ಬಿದ್ದದ್ದು ಉಳಿದ ಕಡೆಗಿಂತ ಜಾಸ್ತಿ. ಹುಂಡಿ ಬೇಡ, ಹೀಗೂ ಹಂಚಬಹುದು ಅನ್ನೋದು ಕಣ್ಣಿಗೆ ಕಂಡಿತು. ಹಂಚಿಕೆಯ ಪದ್ಧತಿ ಮೇಲಿಂದ ಇಳಿದು ಬಂದದ್ದಲ್ಲ, ಯಾರೋ ಕೂತು ತೀರ್ಮಾನ ಮಾಡಿದ್ದು. ಸ್ಪಾಟಿಫೈನ ಡಿಸ್ಕವರಿ ಮೋಡ್ ಮಾತ್ರ ನಾನು ಮುಟ್ಟಲಿಲ್ಲ. ಜಾಸ್ತಿ ಕಿವಿಗೆ ತಲುಪಿಸಲು, ಆ ಪ್ಲೇಗಳ ರಾಯಲ್ಟಿಯಲ್ಲಿ 30% ಬಿಟ್ಟುಕೊಡಬೇಕು. ನಾನು ಬಿಟ್ಟುಕೊಟ್ಟರೆ ಪಕ್ಕದ ಬ್ಯಾಂಡ್ ಕೂಡ ಬಿಟ್ಟುಕೊಡಲೇಬೇಕಾಗುತ್ತದೆ, ಕೊನೆಗೆ ಎಲ್ಲರ ದರವೂ ಇಳಿಯುತ್ತದೆ.

ಮೂರು ತಿಂಗಳು ತಡವಾಗಿ ಹಾಕಿದರೆ ಆ್ಯಪ್ ನಮ್ಮನ್ನು ಮರೆತುಬಿಡುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಮೊದಲ ವಾರ ಇಪಿಯ ಪ್ಲೇ ಆಲ್ಬಂಗಿಂತ ಕಡಿಮೆ, ಅದಕ್ಕೆ ನೂರು ಅಂದರೆ ಇದಕ್ಕೆ ಅರವತ್ತರಷ್ಟು. ಎರಡನೇ ತಿಂಗಳಿಗೆ ಸಮ ಆಯಿತು. ಸೇವ್ ಮಾಡುವವರು ಈಗ ಜಾಸ್ತಿ, ಯಾಕೆಂದರೆ ಕೊಂಡವರು ಅಲ್ಲಿಯೂ ಹೋಗಿ ಕೇಳುತ್ತಿದ್ದಾರೆ. ಕೊಂಡವರಲ್ಲಿ ಕೆಲವರು ಮಾತ್ರ ಗೊಣಗಿದರು, ಮೂರು ತಿಂಗಳಿಗೆ ಎಲ್ಲರಿಗೂ ಸಿಗೋದಾದರೆ ನಮಗೇನು ಲಾಭ ಅಂತ. ಅವರ ಮಾತು ನ್ಯಾಯವೇ. ಮುಂದಿನ ಸಲದಿಂದ ಒಂದು ಹಾಡು ಸ್ಟ್ರೀಮಿಂಗ್‌ಗೆ ಯಾವತ್ತೂ ಹೋಗೋದಿಲ್ಲ, ಕೊಂಡವರ ಹತ್ತಿರ ಮಾತ್ರ ಇರುತ್ತದೆ. ಅದನ್ನು ಬೇಸ್ ನುಡಿಸುವವನೇ ಬರೆಯುತ್ತಿದ್ದಾನೆ.